ಜನ ಸಾಯ್ತಿರುವಾಗ ಐಸಿಯುನಲ್ಲಿ ಟ್ರಯಲ್ ಮಾಡಿದ್ದು ತಪ್ಪಲ್ವಾ?

ಕೋವಿಡ್ ಟೈಮಲ್ಲಿ ಅರ್ಧ ಜನಕ್ಕೆ ಮದ್ದು ಕೊಟ್ಟು ಇನ್ನರ್ಧ ಜನಕ್ಕೆ ಕೊಡದೆ ಏನಾಗುತ್ತೆ ಅಂತ ನೋಡ್ತಾ ಕೂತಿದ್ದು ಕ್ರೂರ ಅಲ್ವಾ ಅಂತ ಕೇಳಿದ್ದೀರಿ. ನಾನು ರಿಸರ್ಚ್ ಮಾಡಿದೋಳಲ್ಲ, 2021ರಲ್ಲಿ ಕೊಡಗಲ್ಲೇ ಒಂದು ಕೋವಿಡ್ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ ಅಷ್ಟೇ.

ಮೊದ್ಲು ಒಂದು ವಿಷ್ಯ, ಆ ಇನ್ನರ್ಧ ಜನರನ್ನ ಯಾರೂ ಹಾಗೇ ಬಿಟ್ಟಿರ್ಲಿಲ್ಲ, ಆಕ್ಸಿಜನ್ನು ವೆಂಟಿಲೇಟರ್ರು ಎಲ್ಲ ಅವ್ರಿಗೂ ಇತ್ತು, ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲದ ಆ ಒಂದು ಮದ್ದು ಮಾತ್ರ ಇರ್ಲಿಲ್ಲ. ಡೆಕ್ಸಾಮೆಥಸೋನ್ ತಗೊಳ್ಳಿ. ಕಾಫಿ ರೇಟಿಗೆ ಸಿಗೋ ಹಳೇ ಸ್ಟೀರಾಯ್ಡ್ ಇಂಜೆಕ್ಷನ್, ವಯಲ್‌ನಿಂದ ಒಂದೂವರೆ ಎಂಎಲ್ ಎಳೆದ್ರೆ 6 ಮಿಲಿಗ್ರಾಂ, ಆ ವರ್ಷ ಎಷ್ಟು ಸಲ ಎಳೆದಿದ್ದೀನೋ ಲೆಕ್ಕ ಇಲ್ಲ. 2020 ಜೂನ್‌ನಲ್ಲಿ ಇಂಗ್ಲೆಂಡಿನ ರಿಕವರಿ ಟ್ರಯಲ್ ರಿಸಲ್ಟ್ ಬಂತು, ವೆಂಟಿಲೇಟರ್ ಮೇಲಿದ್ದೋರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಮ್ಮಿ. ಆಕ್ಸಿಜನ್ನೇ ಬೇಕಾಗದೆ ಇದ್ದೋರಿಗೆ ಮಾತ್ರ ಏನೂ ಪ್ರಯೋಜನ ಇಲ್ಲ ಅಂತಾನೂ ಅದೇ ಟ್ರಯಲ್ಲೇ ಹೇಳಿದ್ದು. ಆ ಎರಡನೇ ಮಾತನ್ನ ವಾಟ್ಸಾಪ್‌ನೋರು ಫಾರ್ವರ್ಡ್ ಮಾಡ್ಲಿಲ್ಲ ನೋಡಿ, ಜ್ವರ ಬಂದ ಮೊದಲ್ನೇ ದಿನದಿಂದ ಮನೇಲೇ ಸ್ಟೀರಾಯ್ಡ್ ನುಂಗಿ ಶುಗರ್ 400 ಮಾಡ್ಕೊಂಡು ಬರೋರು.

ಟ್ರಯಲ್ ಹೇಳಿದ್ದನ್ನ ಕೇಳದೆ ಕೊಟ್ರೆ ಹೇಗಿರುತ್ತೆ ಅಂತಾನೂ ನೋಡಿದ್ದೀನಿ. ಮೇ ಮೊದಲ ವಾರ, ಸಿದ್ದಾಪುರ ಕಡೆ ಎಸ್ಟೇಟ್ ರೈಟರ್ (ತೋಟದ ಗುಮಾಸ್ತರು) ಒಬ್ರು, 15 ಲೀಟರ್ ಆಕ್ಸಿಜನ್ ಕೊಟ್ರೂ ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 86 ದಾಟ್ತಿರ್ಲಿಲ್ಲ. ಡಾಕ್ಟ್ರು ಪ್ಲಾಸ್ಮಾ, ಅಂದ್ರೆ ಕೋವಿಡ್‌ನಿಂದ ಗುಣ ಆದೋರ ರಕ್ತದಿಂದ ತೆಗೆಯೋ ದ್ರವ, ಸಿಗುತ್ತಾ ನೋಡಿ ಅಂತ ಚೀಟಿ ಬರೆದ್ರು. ಅವ್ರ ಮಗ ಊರೂರಿಗೆ ಫೋನ್ ಮಾಡಿ ಡೋನರ್ ಹುಡ್ಕಿ, ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸ್ರಿಗೆ ಕೈಮುಗಿದು ಮೈಸೂರಿಗೆ ಹೋಗಿ ಬಂದ, ಥರ್ಮಾಕೋಲ್ ಡಬ್ಬ ಎದೆಗೆ ಅವುಚ್ಕೊಂಡು ನಿಂತಿದ್ದ, ಮಳೇಲಿ ನೆನೆದಿದ್ದ. ಏರಿಸಿದ್ವಿ. ಎರಡು ದಿನಕ್ಕೆ ಅವ್ರು ಹೋಗ್ಬಿಟ್ರು. ಬಿಲ್ ಕಟ್ಟೋಕೆ ಬಂದೋನು "ಸಿಸ್ಟರ್, ನಾನು ಲೇಟ್ ಮಾಡ್ಬಿಟ್ನಾ" ಅಂತ ಕೇಳ್ದ.

ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ)ನೋರೇ 2020ರಲ್ಲಿ 39 ಆಸ್ಪತ್ರೆಗಳ 464 ಜನರಲ್ಲಿ ಪ್ಲಾಸ್ಮಾ ಟ್ರಯಲ್ ಮಾಡಿ ನೋಡಿದ್ರು. ಸಾವೂ ಕಮ್ಮಿ ಆಗ್ಲಿಲ್ಲ, ಕಾಯಿಲೆ ಜಾಸ್ತಿ ಆಗೋದೂ ನಿಲ್ಲಲಿಲ್ಲ. ಅದು ಪ್ರಿಂಟ್ ಆಗಿದ್ದು ಅಕ್ಟೋಬರ್‌ನಲ್ಲಿ, ಚಿಕಿತ್ಸೆ ಪಟ್ಟಿಯಿಂದ ಪ್ಲಾಸ್ಮಾ ತೆಗೆದಿದ್ದು 2021 ಮೇ 17ಕ್ಕೆ, ಆ ಹುಡುಗ ಮೈಸೂರಿಗೆ ಓಡಿ ಹತ್ತು ದಿನ ಆದ್ಮೇಲೆ. ನಿಮಗೆ ಕೋಪ ಬರೋದಾದ್ರೆ ಆ ಏಳು ತಿಂಗಳ ಮೇಲೆ ಬರ್ಲಿ, ಟ್ರಯಲ್ ಮಾಡಿದೋರ ಮೇಲಲ್ಲ. ಅವನಿಗೆ ಆವತ್ತು ನಾನು "ಇಲ್ಲಪ್ಪ" ಅಂತ ಸುಮ್ನೆ ಸಮಾಧಾನಕ್ಕೆ ಹೇಳಿದ್ದೆ, ಅದು ನಿಜಾನೇ ಆಗಿತ್ತು ಅಂತ ಗೊತ್ತಾಗಿದ್ದು ಆಮೇಲೆ.