ಓ2 ಕೊಟ್ಟೊಡನೆ ವಾರ್ನಿಂಗ್ ಏಕೆ?

ಪ್ರಶ್ನೆ: ಮೇಲ್ತೊಟ್ಟಿಗೆ ನೀರು ತುಂಬಿಸುವ ಪಂಪಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಿದ್ದೇವೆ. ‘ಸೆನ್ಸರ್_ಸರಿ’ ಎಂಬ ಗ್ಲೋಬಲ್ ಫ್ಲ್ಯಾಗ್ (ಯಾವ ಫಂಕ್ಷನ್ ಬೇಕಾದರೂ ಬದಲಿಸಬಲ್ಲ ಸೂಚಕ) 1 ಇದ್ದರೆ ಮಾತ್ರ ‘ಮಟ್ಟ’ ಎಂಬ ಲೋಕಲ್ ವೇರಿಯಬಲಿಗೆ ಬೆಲೆ ತುಂಬುತ್ತೇವೆ. ಆಮೇಲೆ ಬೇರೆ ಫೈಲಿನ ಲಾಗ್ ಫಂಕ್ಷನ್ ಕರೆದು, ಅದೇ ಫ್ಲ್ಯಾಗ್ ಮತ್ತೆ ನೋಡಿ ‘ಮಟ್ಟ’ ಬಳಸುತ್ತೇವೆ. ಆಪ್ಟಿಮೈಸೇಷನ್ (ಕೋಡನ್ನು ಚುರುಕುಗೊಳಿಸುವುದು) ಇಲ್ಲದ ಓ0ಯಲ್ಲಿ ಜಿಸಿಸಿ ಕಂಪೈಲರ್ ಸುಮ್ಮನಿರುತ್ತದೆ, ಅದು ಇರುವ ಓ2ರಲ್ಲಿ ‘ಮೇಬಿ ಅನ್‌ಇನಿಷಿಯಲೈಸ್ಡ್’, ಅಂದರೆ ಬೆಲೆ ತುಂಬದೇ ಇರಬಹುದು, ಎನ್ನುತ್ತದೆ. ಇದು ಸುಳ್ಳು ವಾರ್ನಿಂಗ್ ತಾನೇ?
– ಓದುಗರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಸುಳ್ಳು ಎಂದು ತೀರ್ಮಾನಿಸಲು ಅವಸರ ಬೇಡ. ಯಾವ ದಾರಿಯಲ್ಲಿ ಯಾವ ವೇರಿಯಬಲ್ ತುಂಬಿದೆ, ಯಾವುದು ಖಾಲಿ ಎಂಬ ಲೆಕ್ಕವನ್ನು ಜಿಸಿಸಿ ಆಪ್ಟಿಮೈಸೇಷನ್ ಹೊತ್ತಿನಲ್ಲೇ ಇಡುವುದು. ಅದಕ್ಕೇ ಓ0ಯಲ್ಲಿ ಮೌನ. ನಿಮ್ಮ ಕೋಡಿನಲ್ಲಿ ಫ್ಲ್ಯಾಗ್ ಗ್ಲೋಬಲ್. ಲಾಗ್ ಫಂಕ್ಷನ್ ಒಳಗೇನಿದೆ ಎಂದು ಕಂಪೈಲರಿಗೆ ಕಾಣದು. ಮೊದಲ ಸಲ 0 ಇದ್ದದ್ದು ಅಲ್ಲಿ 1 ಆಗಿಬಿಟ್ಟರೆ, ‘ಮಟ್ಟ’ ತುಂಬದೆಯೇ ಬಳಕೆಯಾಗುತ್ತದೆ. ಇಂಟರಪ್ಟ್ ರುಟೀನ್ (ನಡೆಯುವ ಕೆಲಸವನ್ನು ತಡೆದು ಮಧ್ಯೆ ಓಡುವ ಕೋಡ್) ಆ ಫ್ಲ್ಯಾಗನ್ನು ಬದಲಿಸುವುದಾದರಂತೂ ಇದು ಅಪ್ಪಟ ದೋಷವೇ.

‘ಮಟ್ಟ’ ತುಂಬುವುದು, ಬಳಸುವುದು ಎರಡನ್ನೂ ಒಂದೇ ‘ಇಫ್’ ಒಳಗೆ ತನ್ನಿ. ಆಗದಿದ್ದರೆ ಫಂಕ್ಷನ್ ಶುರುವಿನಲ್ಲೇ ಫ್ಲ್ಯಾಗನ್ನು ಒಂದು ಲೋಕಲ್ ‘ಕಾನ್ಸ್ಟ್ ಇಂಟ್’ಗೆ ನಕಲಿಸಿ, ಎರಡೂ ಕಡೆ ಅದನ್ನೇ ಪರೀಕ್ಷಿಸಿ. ಇಷ್ಟು ಸರಳ ಷರತ್ತಾದರೆ ಓ2ರಲ್ಲಿ ವಾರ್ನಿಂಗ್ ಸಾಮಾನ್ಯವಾಗಿ ಹೋಗುತ್ತದೆ. ಆಮೇಲೂ ಉಳಿದರೆ, ಅಂದರೆ ಷರತ್ತುಗಳು ಹೆಣೆದುಕೊಂಡು ಕಂಪೈಲರ್ ಸೋತರೆ, ಆಗ ಅದು ನಿಜಕ್ಕೂ ಸುಳ್ಳು.

ವಾರ್ನಿಂಗ್ ಬಾಯಿ ಮುಚ್ಚಿಸಲೆಂದು ‘ಮಟ್ಟ = 0’ ಎಂದು ಬರೆಯಬೇಡಿ. ನಿಮ್ಮ ಪ್ರೋಗ್ರಾಮಿನಲ್ಲಿ 0 ಎಂದರೆ ತೊಟ್ಟಿ ಖಾಲಿ ಎಂದಲ್ಲವೇ? ಸೆನ್ಸರ್ ಕೆಟ್ಟ ದಿನ ಪಂಪು ನಿಲ್ಲದೆ ಓಡಿ ತೊಟ್ಟಿ ಉಕ್ಕೀತು. ವಾಲ್‌ಗ್ರೈಂಡ್ (ತುಂಬದ ಬೆಲೆಯ ಬಳಕೆಯನ್ನು ಪ್ರೋಗ್ರಾಮ್ ಓಡುವಾಗ ಪತ್ತೆ ಮಾಡುವ ಸಾಧನ) ಕೂಡ ಆ ತಪ್ಪನ್ನು ಹಿಡಿಯಲಾರದು. ಆರಂಭದ ಬೆಲೆ ಕೊಡಲೇಬೇಕಾದರೆ –1 ಕೊಟ್ಟು, ಬಳಸುವ ಮುನ್ನ ಪರೀಕ್ಷಿಸಿ, –1 ಇದ್ದರೆ ಪಂಪು ನಿಲ್ಲಿಸಿ.

ಪ್ರಶ್ನೆ: ಇಂಥ ವಾರ್ನಿಂಗಿನಿಂದ ಬಿಲ್ಡ್ ನಿಲ್ಲುತ್ತಿದೆ. ಪೂರ್ತಿ ಆಫ್ ಮಾಡಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಲಿನಕ್ಸ್ ಕರ್ನಲ್ 2020ರಲ್ಲಿ ಸುಳ್ಳು ವಾರ್ನಿಂಗ್‌ಗಳ ಕಾಟಕ್ಕೆ ಸಾಮಾನ್ಯ ಬಿಲ್ಡ್‌ನಲ್ಲಿ ಇದನ್ನು ಆಫ್ ಮಾಡಿತು. ಸಣ್ಣ ಪ್ರೋಗ್ರಾಮಿಗೆ ಅದು ಬೇಡ. ‘-ಡಬ್ಲ್ಯೂನೋ-ಎರರ್=ಮೇಬಿ-ಅನ್‌ಇನಿಷಿಯಲೈಸ್ಡ್’ ಕೊಟ್ಟರೆ ಈ ವಾರ್ನಿಂಗನ್ನು ಎರರ್ ಎಂದು ಎಣಿಸದೆ ಬಿಲ್ಡ್ ಮುಂದುವರಿಯುತ್ತದೆ, ವಾರ್ನಿಂಗೂ ಕಾಣುತ್ತದೆ. ಸುಳ್ಳೆಂದು ಖಚಿತವಾದ ಸಾಲಿಗಷ್ಟೇ ‘ಪ್ರಾಗ್ಮಾ ಜಿಸಿಸಿ ಡಯಾಗ್ನಾಸ್ಟಿಕ್’ನ ಪುಶ್, ಇಗ್ನೋರ್ಡ್, ಪಾಪ್ (ವಾರ್ನಿಂಗನ್ನು ಅಲ್ಲಷ್ಟೇ ಅಡಗಿಸುವ ಸೂಚನೆಗಳು) ಸುತ್ತಿ, ಏಕೆ ಸುಳ್ಳು ಎಂಬ ಕಾರಣವನ್ನು ಪಕ್ಕದಲ್ಲೇ ಕಾಮೆಂಟಾಗಿ ಬರೆದಿಡಿ.