ನಿಂತು ಬಲೆ ಬೀಸಲು ದೋಣಿ ಹೊಯ್ದಾಡದಿರಬೇಕೆಂದರೆ

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ನಮ್ಮದು 14 ಅಡಿ ಉದ್ದ, ಮೂರೂಕಾಲು ಅಡಿ ಅಗಲದ ಫೈಬರ್ ದೋಣಿ. ಕೂತರೆ ಏನೂ ತೊಂದರೆ ಇಲ್ಲ, ಬೀಸುಬಲೆ ಒಗೆಯಲು ಎದ್ದು ನಿಂತರೆ ಹೊಯ್ದಾಡುತ್ತದೆ. ತಳಕ್ಕೆ ಉಸುಕಿನ ಚೀಲ ಹಾಕಿರಿ ಅಂತಾರೆ. ಹಾಕಬಹುದೇ?
— ಓದುಗರು, ಬೀಳಗಿ ತಾಲೂಕು

ಉತ್ತರ: ಉಸುಕು ಬೇಡ. ದೋಣಿಯೊಳಗೆ ನೀರು ತುಂಬಿದ ದಿನ ಅದೇ ಚೀಲ ದೋಣಿಯನ್ನು ತಳಕ್ಕೆ ಒಯ್ಯುತ್ತದೆ. ಭಾರ ಹಾಕಲೇಬೇಕೆಂದರೆ 20 ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನುಗಳಿಗೆ ಬಾಯಿತನಕ ನೀರು ತುಂಬಿ, ನಡುಗೆರೆಯ ಮೇಲೆ ಹಿಂದೊಂದು ಮುಂದೊಂದು ಬಿಗಿದು ಕಟ್ಟಿರಿ. ದೋಣಿ ಮುಳುಗಿದರೂ ನೀರಿನೊಳಗಿನ ನೀರಿಗೆ ಭಾರವಿಲ್ಲ, ಅದು ಎಳೆಯುವುದಿಲ್ಲ. ಕಟ್ಟದೆ ಬಿಟ್ಟರೆ ದೋಣಿ ವಾಲಿದ ಕಡೆಗೇ ಕ್ಯಾನು ಜಾರುತ್ತದೆ, ಆಗ ಇಲ್ಲದ್ದೇ ವಾಸಿ.

ಭಾರಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಕಾಲು ಎಲ್ಲಿದೆ ಎಂಬುದನ್ನು. ಬಹಳ ಜನ ಕೂರುವ ಅಡ್ಡಹಲಗೆಯ ಮೇಲೆ ಹತ್ತಿ ಬಲೆ ಒಗೆಯುತ್ತಾರೆ. ಅಲ್ಲಿಗೆ ಇಡೀ ಮೈಭಾರ ಒಂದಡಿ ಮೇಲೇರಿತು. ತಳದಲ್ಲೇ ನಿಲ್ಲಲು 12 ಮಿ.ಮೀ. ಮರೈನ್ ಪ್ಲೈವುಡ್ಡಿನ ಹಲಗೆ ಮಾಡಿಸಿರಿ. ಎರಡು ತುಂಡಾಗಿರಲಿ, ಎತ್ತಿದರೆ ಕೆಳಗಿನ ನೀರು ಮೊಗೆಯಲು ಬರಬೇಕು. ಹಲಗೆಯ ಕೆಳಮೈಗೆ ಒಂದೊಂದು ಅಡಿ ಅಂತರಕ್ಕೆ ಮರದ ಪಟ್ಟಿ ಕೊಟ್ಟರೆ ತುಳಿದಾಗ ಬಾಗುವುದಿಲ್ಲ. ಜಾಗ ಸಾಲದೆಂದು ಅಡ್ಡಹಲಗೆಯನ್ನು ಕತ್ತರಿಸಬೇಡಿ. ದೋಣಿಯ ಎರಡೂ ಪಕ್ಕೆಗಳನ್ನು ಹಿಡಿದಿಟ್ಟಿರುವುದೇ ಅದು, ಎಷ್ಟೋ ದೋಣಿಗಳಲ್ಲಿ ತೇಲಿಸುವ ಫೋಮ್ ಇರುವುದೂ ಅದರ ಕೆಳಗೇ.

ಇನ್ನು ನಿಜವಾಗಿ ಕೆಲಸ ಮಾಡುವುದು ಪಕ್ಕದ ತೇಲುಪೈಪು. 160 ಮಿ.ಮೀ. ಪಿವಿಸಿ ಪೈಪಿನ ಎಂಟೆಂಟು ಅಡಿಯ ಎರಡು ತುಂಡು, ನಾಲ್ಕು ಎಂಡ್ ಕ್ಯಾಪ್, ಒಂದೂವರೆ ಇಂಚಿನ ಜಿಐ ಚೌಕ ಪೈಪಿನ ಆರೂವರೆ ಅಡಿಯ ಎರಡು ತೋಳು ಬೇಕು. ತೋಳು ಈ ಅಂಚಿನಿಂದ ಆ ಅಂಚಿಗೆ ದೋಣಿಯನ್ನು ದಾಟಿ, ಎರಡೂ ಕಡೆ ಸುಮಾರು ಒಂದೂವರೆ ಅಡಿ ಹೊರಗೆ ಚಾಚಿರಲಿ. ಚಾಚಿದ ತುದಿಗಳಿಂದ ಕಾಲು ಇಳಿಸಿ, ಪಕ್ಕಕ್ಕೊಂದರಂತೆ ಪೈಪನ್ನು ದೋಣಿಯುದ್ದಕ್ಕೆ ಕೂರಿಸಿರಿ. ಒಂದು ಪೈಪು ಪೂರ್ತಿ ಮುಳುಗಿದಾಗ ಸರಿಸುಮಾರು 48 ಲೀಟರ್ ನೀರನ್ನು ಸರಿಸುತ್ತದೆ. ಪೈಪಿನ ಸ್ವಂತ ತೂಕ ಕಳೆದರೆ 40 ಕಿಲೋ ಎತ್ತುವ ಬಲ ಉಳಿಯುತ್ತದೆ. ಅದು ನಡುಗೆರೆಯಿಂದ ಮೂರಡಿ ದೂರದಲ್ಲಿರುವುದರಿಂದ, 65 ಕಿಲೋ ಮನುಷ್ಯ ಒಂದಡಿ ಪಕ್ಕಕ್ಕೆ ಸರಿದರೂ ತಡೆದು ಹಿಡಿಯುತ್ತದೆ.

ಕ್ಯಾಪುಗಳನ್ನು ಸಲ್ಯೂಶನ್ ಹಚ್ಚಿ ಕೂರಿಸುವ ಮೊದಲು ಪೈಪಿನೊಳಗೆ ಬಿರಡೆ ಬಿಗಿದ ಖಾಲಿ ನೀರಿನ ಬಾಟಲಿ ತುರುಕಿರಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಡೆಯಾದ ಮರದ ಬೊಡ್ಡೆ, ಹಳೆಯ ಗೋಡೆಗಳು ನೀರಿನ ಮಟ್ಟಕ್ಕೆ ಬರುತ್ತವೆ. ಅವಕ್ಕೆ ಬಡಿದು ಪೈಪು ಸೀಳಿದರೂ ತೇಲುವ ಗುಣ ಹೋಗುವುದಿಲ್ಲ.

ಎತ್ತರ ಹೊಂದಿಸುವಲ್ಲೇ ಹೆಚ್ಚಿನವರು ಎಡವುತ್ತಾರೆ. ಖಾಲಿ ದೋಣಿಯಲ್ಲಿ ಅಳತೆ ಮಾಡಬೇಡಿ. ಇಬ್ಬರು, ಬಲೆ, ಮೀನಿನ ಬುಟ್ಟಿ ಎಲ್ಲ ಇದ್ದಾಗ ಪೈಪಿನ ತಳ ಇಂಚಿನಷ್ಟು ನೀರಿಗೆ ತಾಗಿರಬೇಕು. ಮೇಲಾದರೆ ದೋಣಿ ಒಮ್ಮೆ ಜೋರಾಗಿ ವಾಲಿದ ಮೇಲೆಯೇ ಹಿಡಿಯುತ್ತದೆ, ಆ ಜರ್ಕಿಗೇ ಮನುಷ್ಯ ಬೀಳುತ್ತಾನೆ. ಕೆಳಗಾದರೆ ಹುಟ್ಟು ಹಾಕುವುದು, ತಿರುಗಿಸುವುದು ಎರಡೂ ಭಾರ. ಹಾಗಾಗಿ ತೋಳಿನಿಂದ ಪೈಪಿಗೆ ಇಳಿಯುವ ಕಾಲಿನಲ್ಲಿ ಇಂಚಿಗೊಂದರಂತೆ ನಾಲ್ಕೈದು ತೂತು ಇಡಿಸಿರಿ.

ತೋಳನ್ನು ಅಂಚಿಗೆ 8 ಮಿ.ಮೀ. ಸ್ಟೀಲ್ ಬೋಲ್ಟಿನಿಂದ ಬಿಗಿಯಿರಿ, ಒಳಮೈಗೆ ಪ್ಲೈವುಡ್ ತುಂಡು, ಅದರ ಮೇಲೆ ಅಗಲ ವಾಷರ್. ಬರೀ ಫೈಬರಿಗೆ ನಟ್ ಬಿಗಿದರೆ ತಿಂಗಳೊಪ್ಪತ್ತಿನಲ್ಲಿ ತೂತು ಅಗಲವಾಗುತ್ತದೆ.

ಬಲೆ ಸಿಕ್ಕಿಕೊಳ್ಳುವ ಕಾಟ ಇದ್ದೇ ಇದೆ. ಎರಡೂ ತೋಳುಗಳನ್ನು ದೋಣಿಯ ಹಿಂದಿನ ಅರ್ಧದಲ್ಲಿ ನಾಲ್ಕಡಿ ಅಂತರಕ್ಕೆ ಕೂರಿಸಿ, ಬಲೆಯನ್ನು ಮೂತಿಯ ಕಡೆಯಿಂದ ಒಗೆಯಿರಿ. ದೋಣಿಯ ಮೈ ಗಟ್ಟಿ ಇದ್ದರೆ ಹಿಂದಿನ ಪೈಪು ಮುಂದೆ ನಿಂತವನನ್ನೂ ಕಾಯುತ್ತದೆ. ಬೋಲ್ಟಿನ ತಲೆಗಳಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿರಿ.

ಮೊದಲ ಪರೀಕ್ಷೆ ಸೊಂಟದಷ್ಟು ನೀರಿನಲ್ಲಿ, ಲೈಫ್ ಜಾಕೆಟ್ ತೊಟ್ಟು ಆಗಲಿ. ಒಬ್ಬರು ಅಂಚಿನ ಪಕ್ಕ ನಿಂತಾಗ ಅಂಚು ನೀರಿಗಿಂತ ಅರ್ಧ ಅಡಿಯಾದರೂ ಮೇಲಿರಬೇಕು. ಆಷಾಢದ ಪಡುವಣ ಗಾಳಿಗೆ ಹಿನ್ನೀರಿನ ಬಯಲಿನಲ್ಲಿ ಏಳುವ ತೆರೆಗೆ ಈ ಯಾವುದೂ ಉತ್ತರವಲ್ಲ, ಆಗ ನಿಲ್ಲಲೇಬೇಡಿ. ದೋಣಿಯಲ್ಲಿ ಎರಡಿಂಚು ನೀರು ನಿಂತರೂ ಮೊಗೆದು ಹಾಕಿರಿ. ದೋಣಿ ಕೊಂಚ ವಾಲಿದೊಡನೆ ಅದೆಲ್ಲ ಆ ಪಕ್ಕಕ್ಕೇ ಓಡಿ ಇನ್ನಷ್ಟು ವಾಲಿಸುತ್ತದೆ.

ಪ್ರಶ್ನೆ: ಪೈಪಿನ ಬದಲು ಥರ್ಮಾಕೋಲ್ ದಿಮ್ಮಿಗೆ ಫೈಬರ್ ಹೊದಿಸಿ ದೋಣಿಯ ಪಕ್ಕೆಗೇ ಅಂಟಿಸಲು ಹೋದೆವು. ರೆಸಿನ್ ಹಚ್ಚಿದ ಕೂಡಲೇ ದಿಮ್ಮಿ ಕರಗಿ ಕುಳಿಬಿತ್ತು. ಯಾಕೆ?
— ಓದುಗರು, ಕೊಲ್ಹಾರ

ಉತ್ತರ: ಫೈಬರ್ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ, ಅದು ಥರ್ಮಾಕೋಲನ್ನು ಕರಗಿಸುತ್ತದೆ. ಪೆಟ್ರೋಲ್ ಚೆಲ್ಲಿದರೂ ಇದೇ ಗತಿ. ಪಿಯು (ಪಾಲಿಯುರೆಥೇನ್) ಫೋಮಿನ ದಿಮ್ಮಿ ತನ್ನಿರಿ, ಇಲ್ಲವೇ ಎಪಾಕ್ಸಿ ರೆಸಿನ್ ಬಳಸಿರಿ. ಎಪಾಕ್ಸಿ ತುಟ್ಟಿ, ಆದರೆ ಥರ್ಮಾಕೋಲನ್ನು ತಿನ್ನುವುದಿಲ್ಲ.

ಪ್ರಶ್ನೆ: ಹರಿಗೋಲಿಗೂ ಇಂಥ ಪೈಪು ಕಟ್ಟಿ ನಿಲ್ಲಬಹುದೇ?
— ಓದುಗರು, ಹುಕ್ಕೇರಿ ತಾಲೂಕು

ಉತ್ತರ: ಕಟ್ಟಬೇಡಿ. ತೋಳನ್ನು ಬಿಗಿಯಲು ಬಿದಿರಿನ ಅಂಚು ಸಾಲದು, ಮೇಲಾಗಿ ಹರಿಗೋಲು ತಿರುಗುತ್ತಲೇ ಸಾಗುವಂಥದ್ದು. ಅದರಲ್ಲಿ ಮೊಣಕಾಲೂರಿ ಬಲೆ ಬಿಡುವುದೇ ಸರಿ.