ಆರ್ನ್‌ಹೆಮ್ ಲ್ಯಾಂಡ್‌ನ ಮೂಲನಿವಾಸಿಗಳ ಬಗೆಗಿನ ಸಂಶೋಧನಾ ದಾಖಲೆಗಳು ಎಲ್ಲಿವೆ? ಯಾರು ಬೇಕಾದರೂ ನೋಡಬಹುದಾ?

ಹಳೆಯ ದಾಖಲೆಗಳಲ್ಲಿ ಬಹುಪಾಲು ಆ ನೆಲದಿಂದ ದೂರದಲ್ಲೇ ಇವೆ. ಎಲ್ಲವನ್ನೂ ಎಲ್ಲರೂ ನೋಡುವ ಹಾಗಿಲ್ಲ.

ಆರ್ನ್‌ಹೆಮ್ ಲ್ಯಾಂಡ್ ಇರುವುದು ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ, ಡಾರ್ವಿನ್‌ನ ಪೂರ್ವಕ್ಕೆ. 1931ರಲ್ಲಿ ಅದನ್ನು ಮೂಲನಿವಾಸಿಗಳಿಗೆ ಮೀಸಲಿಟ್ಟರು. ಈಗಲೂ ಹೊರಗಿನವರು ಪರ್ಮಿಟ್ ಇಲ್ಲದೆ ಸುಮ್ನೆ ಒಳಗೆ ಹೋಗುವಂತಿಲ್ಲ.

1930ರ ದಶಕದಲ್ಲಿ ಮಾನವಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್ ತೆಗೆದ ಫೋಟೋಗಳು ಮೆಲ್ಬರ್ನ್ ಮ್ಯೂಸಿಯಂ ಸೇರಿದವು. 1948ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ಜಂಟಿ ತಂಡವೊಂದು ಬಂತು. ಅದು ಚಿತ್ರಗಳು, ವಸ್ತುಗಳ ಜೊತೆಗೆ ಸತ್ತವರ ಮೂಳೆಗಳನ್ನೂ ಒಯ್ದಿತು! ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದ್ದ ಆ ಮೂಳೆಗಳು ವಾಪಸ್ ಬಂದು, ಆರ್ನ್‌ಹೆಮ್ ಲ್ಯಾಂಡ್‌ನದೇ ಊರಾದ ಗುನ್‌ಬಲಾನ್ಯದಲ್ಲಿ ಮಣ್ಣು ಸೇರಿದ್ದು 2011ರಲ್ಲಿ. ಇದನ್ನು ಸಂಶೋಧನೆ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ದೊಡ್ಡ ಸಂಗ್ರಹ ಬೇಕಿದ್ದರೆ ಕ್ಯಾನ್‌ಬೆರಾದ ಐಯಾಟ್ಸಿಸ್ (AIATSIS) ನೋಡಿ; ಅದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಅಧ್ಯಯನದ ರಾಷ್ಟ್ರೀಯ ಸಂಸ್ಥೆ. ಅದು 1964ರಲ್ಲಿ ಶುರುವಾಯಿತು. ಗುಟ್ಟಾದ ಆಚರಣೆಗಳ ದಾಖಲೆಗೆ ಅಲ್ಲಿ ಆಯಾ ಸಮುದಾಯದ ಒಪ್ಪಿಗೆ ಬೇಕು.

ನನಗೆ ಜಾಸ್ತಿ ಇಷ್ಟವಾಗುವುದು ಆರ್ನ್‌ಹೆಮ್ ಲ್ಯಾಂಡ್‌ನ ಯಿರ್‌ಕಲಾ ಊರಿನ ಮುಲ್ಕಾ ಪ್ರಾಜೆಕ್ಟ್. ಅಲ್ಲಿನ ಮೂಲನಿವಾಸಿಗಳಾದ ಯೋಲ್ಙು ಜನರೇ ಹಳೆಯ ಫೋಟೋ, ಹಾಡು, ಫಿಲ್ಮ್‌ಗಳ ಡಿಜಿಟಲ್ ಪ್ರತಿಗಳನ್ನು ಊರಿಗೆ ತರಿಸಿಕೊಂಡು ನೋಡಿಕೊಳ್ಳುತ್ತಾರೆ. ಯಾರಾದರೂ ತೀರಿಕೊಂಡರೆ ಅವರ ಹೆಸರು ಹೇಳುವುದು, ಫೋಟೋ ತೋರಿಸುವುದು ಕೆಲಕಾಲ ನಿಲ್ಲಬೇಕು. ಮನೆಯವರ ದುಃಖಕ್ಕೆ ಆರ್ಕೈವ್ ಕೂಡ ತಲೆಬಾಗಬೇಕು, ಅಲ್ವಾ?

ಮನೆಯಲ್ಲೇ ಕೂತು ಓದಬೇಕೆಂದರೆ ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದ 'ಲಿವಿಂಗ್ ಆರ್ಕೈವ್' ಇದೆ. 1970ರ ದಶಕದಿಂದ ದ್ವಿಭಾಷಾ ಶಾಲೆಗಳಿಗಾಗಿ ಮೂಲನಿವಾಸಿಗಳ ಭಾಷೆಗಳಲ್ಲಿ ಬರೆದ ಪುಟ್ಟ ಪುಸ್ತಕಗಳು ಅದರಲ್ಲಿ ಉಚಿತವಾಗಿ ಸಿಗುತ್ತವೆ.